ಹಿತ್ತಲ ಬೇವು ಕೂಸಿನ ಹಲ್ಲಿನ ಬೇರಿಗೆ ಮದ್ದಾದೀತೇ?

"ಹಾಲು ಹಲ್ಲು ತಾನೇ, ಹೆಂಗೂ ಬಿದ್ದು ಹೋಗೂದೇ ಅದ. ಅದಕ್ಯಾಕ್ರೀ ರೂಟ್ ಕ್ಯಾನಲ್?"

ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ, ಗಲ್ಲ ಊದಿದ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡ ತಾಯಿಗೆ ಪಕ್ಕದ ಸೀಟಿನವರು ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು ಇನ್ನೂ ಖಾರ: "ಹಲ್ಲಿನೊಳಗ ಬ್ಲೀಚಿಂಗ್ ನೀರು ಹಾಕ್ತಾರಂತಲ್ಲ, ಖರೇ ಏನು?" ಮೂರನೆಯದು ಪ್ರಶ್ನೆಯಲ್ಲ, ಪುಕ್ಕಟೆ ಸಲಹೆ: "ಬೇವಿನ ಎಲಿ ಕುದಿಸಿ ಬಾಯಿ ಮುಕ್ಕಳಿಸ್ರಿ, ಎಲ್ಲಾ ಹೋಗ್ತದ."

ಬಸ್ಸಿನ ಮಾತೆಂದು ತಳ್ಳಿಹಾಕುವಂತಿಲ್ಲ. ಮೂರರಲ್ಲೂ ಒಂದಿಷ್ಟು ಸತ್ಯ ಉಂಟು, ಒಂದಿಷ್ಟು ಅಪಾಯವೂ ಉಂಟು. ಹಾಲು ಹಲ್ಲು ಬೀಳುವುದು ನಿಜ. ಬ್ಲೀಚಿಂಗ್ ಜಾತಿಯ ನೀರು ಬಳಸುವುದೂ ನಿಜ. ಬೇವಿಗೆ ಕ್ರಿಮಿ ಕೊಲ್ಲುವ ಗುಣ ಇರುವುದೂ ನಿಜ. ಆದರೆ ಈ ಮೂರು ನಿಜ ಕೂಡಿಸಿ ಕೂಸನ್ನು ದವಾಖಾನೆಯ ಬಾಗಿಲಿನಿಂದ ವಾಪಸ್ ಕರೆದೊಯ್ದರೆ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ, ಒಂದೊಂದಾಗಿ ನೋಡೋಣ ಬರ್ರಿ.

ಬೀಳುವ ಹಲ್ಲಿಗೆ ಇಷ್ಟೇಕೆ ಗದ್ದಲ?

ಹಾಲು ಹಲ್ಲು ಒಟ್ಟು 20. ಕೂಸಿಗೆ ಸುಮಾರು 6 ತಿಂಗಳಾದಾಗ ಮೊದಲನೆಯದು ಕಾಣುತ್ತದೆ. ಎರಡೂವರೆ-ಮೂರು ವರ್ಷಕ್ಕೆ ಸಾಲು ತುಂಬುತ್ತದೆ. ಸುಮಾರು 6ನೇ ವರ್ಷದಿಂದ ಮುಂದಿನವು ಉದುರಲು ಶುರು. ಆದರೆ ಹಿಂದಿನ ದವಡೆ ಹಲ್ಲುಗಳ ಮಾತೇ ಬೇರೆ. ಅವು 10ರಿಂದ 12ನೇ ವರ್ಷದವರೆಗೆ ಬಾಯಲ್ಲಿ ದುಡಿಯಬೇಕು. ಅಂದರೆ 5 ವರ್ಷದ ಕೂಸಿನ ದವಡೆ ಹಲ್ಲು ಹುಳುಕಾದರೆ "ಇಂದಲ್ಲ ನಾಳೆ ಬೀಳ್ತದ" ಎನ್ನುವ ಹಾಗಿಲ್ಲ. ಆ ನಾಳೆ ಬರಲು ಇನ್ನೂ 5-6 ವರ್ಷ ಬೇಕು. ಅಷ್ಟು ದಿನ ಕೂಸು ಒಂದೇ ಕಡೆ ಅಗಿದು, ರಾತ್ರಿ ಅತ್ತು, ಸಾಲಿ ತಪ್ಪಿಸಿಕೊಂಡು ಕೂಡಬೇಕೇನು?

ಕಿತ್ತು ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಬೇರು ಕರಗಿ ಹೋಗಿದ್ದರೆ, ಹಲ್ಲು ಉಳಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಡಾಕ್ಟರರೇ ಕೀಳುತ್ತಾರೆ. ಆದರೆ ಹೊತ್ತಿಗೆ ಮುಂಚೆ ಕಿತ್ತರೆ ಅಕ್ಕಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತವೆ. ಕೆಳಗಿನಿಂದ ಬರಬೇಕಾದ ಪಕ್ಕಾ ಹಲ್ಲಿಗೆ ದಾರಿ ಸಿಗುವುದಿಲ್ಲ. ಬಸ್ಸಿನಲ್ಲಿ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುತ್ತೇವಲ್ಲ, ಹಾಲು ಹಲ್ಲು ಮಾಡುವ ಕೆಲಸವೂ ಅದೇ. ಟವೆಲ್ ತೆಗೆದರೆ ಸೀಟು ಹೋಯಿತು.

ಇನ್ನೊಂದು ಮಾತು. ಹಾಲು ದವಡೆ ಹಲ್ಲಿನ ಬೇರುಗಳು ಕೋಳಿ ಕಾಲಿನ ಹಾಗೆ ಅಗಲವಾಗಿ ಚಾಚಿರುತ್ತವೆ. ಅವುಗಳ ನಡುವೆಯೇ ಪಕ್ಕಾ ಹಲ್ಲಿನ ಮೊಗ್ಗು ಬೆಳೆಯುತ್ತಿರುತ್ತದೆ. ಮೇಲಿನ ಬೇರಿನ ಕೀವು ಬಹಳ ದಿನ ಇಳಿದರೆ ಕೆಳಗಿನ ಮೊಗ್ಗಿಗೂ ಪೆಟ್ಟು ಬೀಳಬಹುದು. ಮುಂದೆ ಬರುವ ಹಲ್ಲಿನ ಮೇಲೆ ಕಲೆ, ಕುಳಿ ಕಾಣಬಹುದು. ಮೊಗ್ಗಿನ ಈ ಮಾತು ನೆನಪಿರಲಿ. ಬ್ಲೀಚಿಂಗ್ ನೀರಿನ ಚರ್ಚೆಯೆಲ್ಲ ಇದರ ಸುತ್ತಲೇ ನಡೆದಿದೆ.

ಬೇರಿನೊಳಗೆ ನಡೆಯುವುದೇನು?

ಹುಳುಕು ಹಲ್ಲಿನ ಒಳಗಿನ ನರದವರೆಗೆ ಇಳಿದು, ಬೇರಿನ ನರವೂ ಕೊಳೆತಾಗ ಆ ಕೊಳೆತದ್ದನ್ನು ತೆಗೆದು ನಾಳ ತೊಳೆದು ತುಂಬುವುದೇ ರೂಟ್ ಕ್ಯಾನಲ್. ಮಕ್ಕಳ ಹಾಲು ಹಲ್ಲಿಗೆ ಮಾಡುವಾಗ ಇದಕ್ಕೆ ಪಲ್ಪೆಕ್ಟಮಿ ಎನ್ನುತ್ತಾರೆ. ಸೂಜಿಯಂಥ ಸಣ್ಣ ಫೈಲುಗಳಿಂದ ನಾಳ ಕೆರೆಯುತ್ತಾರೆ. ಆದರೆ ಹಾಲು ಹಲ್ಲಿನ ನಾಳ ನೇರ ಕೊಳವೆಯಲ್ಲ. ಗಿಡದ ಬೇರಿನ ಹಾಗೆ ಡೊಂಕು, ಕವಲು, ಪಟ್ಟಿಯಂತೆ ಚಪ್ಪಟೆ. ಫೈಲು ಹೋಗದ ಮೂಲೆ ಎಷ್ಟೋ.

ಅಲ್ಲಿ ಕ್ರಿಮಿಗಳು ಬಿಡಿಬಿಡಿಯಾಗಿ ಕೂತಿರುವುದಿಲ್ಲ. ಮನೆಯ ನೀರಿನ ಟಾಕಿಯ ಗೋಡೆಗೆ ಪಾಚಿ ಹಿಡಿದು ಜಾರುತ್ತದಲ್ಲ, ಹಾಗೆ ಲೋಳೆಯ ಪದರ ಕಟ್ಟಿಕೊಂಡು ಅಂಟಿರುತ್ತವೆ. ಟಾಕಿಗೆ ಬರೀ ನೀರು ಸುರಿದರೆ ಪಾಚಿ ಹೋದೀತೇ? ಆದ್ದರಿಂದ ಕೆರೆಯುವುದರ ಜತೆಗೆ ತೊಳೆಯುವ ಮದ್ದು ಬೇಕು. ಅದು ಎರಡು ಕೆಲಸ ಮಾಡಬೇಕು: ಕ್ರಿಮಿ ಕೊಲ್ಲಬೇಕು, ಮೂಲೆಯಲ್ಲಿ ಉಳಿದ ಸತ್ತ ನರದ ಚೂರು ಕರಗಿಸಬೇಕು. ಎಂಟರೊಕಾಕಸ್ ಫೀಕಾಲಿಸ್ ಎಂಬ ಒಂದು ಹಟಮಾರಿ ಕ್ರಿಮಿ ಉಂಟು. ರೂಟ್ ಕ್ಯಾನಲ್ ಮಾಡಿಸಿಯೂ ಕೆಟ್ಟ ಹಲ್ಲುಗಳಲ್ಲಿ ಇದು ಮತ್ತೆ ಮತ್ತೆ ಸಿಕ್ಕಿದೆ. ಹೊಸ ಮದ್ದು ಯಾವುದೇ ಬರಲಿ, ಸಂಶೋಧಕರು ಹೆಚ್ಚಾಗಿ ಮೊದಲು ಇದರ ಎದುರಿಗೇ ನಿಲ್ಲಿಸಿ ನೋಡುತ್ತಾರೆ.

ಬ್ಲೀಚಿಂಗ್ ನೀರಿನ ಕಥೆ

ಆ ತೊಳೆಯುವ ಮದ್ದಿನ ಹೆಸರು ಸೋಡಿಯಂ ಹೈಪೋಕ್ಲೋರೈಟ್. ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಕುಲದ್ದೇ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಸುಮಾರಿಗೆ, ಹೆನ್ರಿ ಡೇಕಿನ್ ಎಂಬ ರಸಾಯನ ಶಾಸ್ತ್ರಜ್ಞ ಮತ್ತು ಅಲೆಕ್ಸಿ ಕರೆಲ್ ಎಂಬ ಶಸ್ತ್ರವೈದ್ಯ ಸೈನಿಕರ ಕೊಳೆತ ಗಾಯ ತೊಳೆಯಲು ಶೇ. 0.5ರಷ್ಟು ತೆಳುವಾದ ಹೈಪೋಕ್ಲೋರೈಟ್ ನೀರು ಬಳಸಿದರು. ಮುಂದೆ ದಂತವೈದ್ಯರೂ ಅದನ್ನೇ ಹಿಡಿದರು. ಕಾರಣ ಸರಳ: ಕ್ರಿಮಿ ಕೊಲ್ಲುತ್ತದೆ, ಸತ್ತ ಮಾಂಸ ಕರಗಿಸುತ್ತದೆ, ಬೆಲೆ ಕಡಿಮೆ.

ದೊಡ್ಡವರ ಹಲ್ಲಿಗೆ ಶೇ. 5.25ರವರೆಗೂ ಬಳಸುವುದುಂಟು. ಮಕ್ಕಳ ಹಲ್ಲಿಗೆ ಅಮೆರಿಕದ ಮಕ್ಕಳ ದಂತವೈದ್ಯ ಅಕಾಡೆಮಿ ತನ್ನ ಮಾರ್ಗಸೂಚಿಯಲ್ಲಿ ಶೇ. 1ರ ತೆಳು ನೀರನ್ನು ಹೇಳುತ್ತದೆ. ಜತೆಗೆ ಕಟ್ಟುನಿಟ್ಟಿನ ಒಂದು ಎಚ್ಚರಿಕೆ: ಇದು ಬೇರಿನ ತುದಿ ದಾಟಿ ಆಚೆ ಹೋಗಕೂಡದು.

ಏಕೆಂದರೆ ಸತ್ತ ಮಾಂಸ ಕರಗಿಸುವ ಮದ್ದಿಗೆ ಜೀವಂತ ಮಾಂಸ ಯಾವುದು ಎಂಬ ಭೇದ ತಿಳಿಯದು. ತುದಿ ದಾಟಿದರೆ ಆ ಕ್ಷಣದಲ್ಲೇ ವಿಪರೀತ ನೋವು, ಊತ, ಗಲ್ಲ ನೀಲಿಗಟ್ಟುವುದು. ಇದು ಅಪರೂಪದ ಅನಾಹುತ. ಆದರೆ ಪುಸ್ತಕದ ಮಾತಲ್ಲ, ವೈದ್ಯ ಪತ್ರಿಕೆಗಳಲ್ಲಿ ದಾಖಲಾದದ್ದು. ಹಾಲು ಹಲ್ಲಿನ ಬೇರು ಕಾಲಕ್ಕೆ ತಕ್ಕಂತೆ ತಾನೇ ಕರಗುತ್ತ ಹೋಗುವುದರಿಂದ ತುದಿ ಬಾಯಿ ತೆರೆದಿರಬಹುದು. ಕೆಳಗೆ ಪಕ್ಕಾ ಹಲ್ಲಿನ ಮೊಗ್ಗು. ಮೇಲೆ ಕುರ್ಚಿಯಲ್ಲಿ ಕೈಕಾಲು ಆಡಿಸುವ, ವಾಸನೆಗೆ ಮುಖ ಕಿವುಚುವ ಕೂಸು. ಡಾಕ್ಟರಿಗೆ ಕೆಲಸ ಸುಲಭವಲ್ಲ ನೋಡ್ರಿ.

ಇನ್ನೊಂದು ಮದ್ದು ಕ್ಲೋರ್‌ಹೆಕ್ಸಿಡಿನ್. ಮೆಡಿಕಲ್ ಅಂಗಡಿಯಲ್ಲಿ ಬಾಯಿ ಮುಕ್ಕಳಿಸುವ ಔಷಧಿಯಾಗಿ ಸಿಗುವುದರದ್ದೇ ಗಟ್ಟಿ ರೂಪ. ಉರಿ ಕಡಿಮೆ, ಕ್ರಿಮಿ ಕೊಲ್ಲುತ್ತದೆ. ಆದರೆ ಸತ್ತ ನರ ಕರಗಿಸುವುದಿಲ್ಲ. ಹೈಪೋಕ್ಲೋರೈಟಿನ ಜತೆ ಕೂಡಿದರೆ ಕಂದು ಬಣ್ಣದ ಗಸಿ ಕಟ್ಟುತ್ತದೆ. ಒಟ್ಟಿನಲ್ಲಿ ಒಂದಕ್ಕೆ ಶಕ್ತಿ ಉಂಟು, ಸೌಮ್ಯವಿಲ್ಲ. ಇನ್ನೊಂದು ಸೌಮ್ಯ, ಆದರೆ ಅರ್ಧ ಕೆಲಸ. ಈ ಎರಡರ ನಡುವಿನ ಸಂದಿಯಲ್ಲೇ ಬೇವು, ತ್ರಿಫಲಗಳು ಕಾಲಿಟ್ಟಿರುವುದು.

ಪರೀಕ್ಷೆಗೆ ಕೂತ ಗಿಡಮೂಲಿಕೆ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಈ ಸಂಶೋಧಕರು ನಂಬಲಿಲ್ಲ. ಚೆನ್ನೈನ ಸಂಶೋಧಕರು 2010ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಕಿತ್ತ ಹಲ್ಲುಗಳ ಮೇಲೆ ಆ ಹಟಮಾರಿ ಎಂಟರೊಕಾಕಸ್ ಕ್ರಿಮಿಯ ಪದರವನ್ನು ವಾರಗಟ್ಟಲೆ ಬೆಳೆಸಿದರು. ಒಂದು ಕಡೆ ಶೇ. 5ರ ಹೈಪೋಕ್ಲೋರೈಟ್, ಇನ್ನೊಂದು ಕಡೆ ತ್ರಿಫಲ, ಅಂದರೆ ನಮ್ಮ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಮಗದೊಂದು ಕಡೆ ಹಸಿರು ಚಹಾದ ಸಾರ. ಮೊದಲ ನಂಬರು ಹೈಪೋಕ್ಲೋರೈಟಿಗೇ ಹೋಯಿತು. ಆದರೆ ತ್ರಿಫಲ, ಹಸಿರು ಚಹಾ ಎರಡೂ ಲೆಕ್ಕಕ್ಕೆ ಹಿಡಿಯುವಷ್ಟು ಕ್ರಿಮಿ ತಗ್ಗಿಸಿದವು. ನಾಪಾಸಾಗಲಿಲ್ಲ.

ಬೇವಿನ ಎಲೆಯ ಸಾರವನ್ನೂ ಇದೇ ಕ್ರಿಮಿಯ ಎದುರು ನಿಲ್ಲಿಸಿ ನೋಡಿದ್ದಾರೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಚಲೋ ಕೆಲಸ ಮಾಡಿದೆ. ನೋನಿ ಹಣ್ಣಿನ ರಸವನ್ನು 2008ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು. ಹಲ್ಲು ಕೆರೆದಾಗ ನಾಳದ ಗೋಡೆಗೆ ಮೆತ್ತಿಕೊಳ್ಳುವ ಹುಡಿಯ ಪದರವನ್ನು ತೆಗೆಯುವುದರಲ್ಲಿ, ಕೊನೆಗೆ ಇನ್ನೊಂದು ರಾಸಾಯನಿಕದ ತೊಳೆತವೂ ಸೇರಿದಾಗ, ಅದು ಹೈಪೋಕ್ಲೋರೈಟಿಗೆ ಸರಿಸಮ ಬಂತು.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ದಾವಣಗೆರೆಯ ಬಾಪೂಜಿ ದಂತ ಕಾಲೇಜಿನ ಮಕ್ಕಳ ವಿಭಾಗದವರು ಅರಿಸಿನದ ಸಾರವನ್ನು ಹಲ್ಲಿನ ನಾಳದೊಳಗಿನ ಮದ್ದಾಗಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಕ್ಲೋರ್‌ಹೆಕ್ಸಿಡಿನ್ ಜತೆಗೆ ತೂಗಿ ನೋಡಿ 2013ರಲ್ಲಿ ಪ್ರಕಟಿಸಿದರು. ಅವರು ಕ್ರಿಮಿ ಸತ್ತಿತೋ ಇಲ್ಲವೋ ಎಂದಷ್ಟೇ ನೋಡಲಿಲ್ಲ. ಮದ್ದಿನಿಂದ ಹಲ್ಲಿನ ಗಟ್ಟಿತನ ತಗ್ಗುತ್ತದೆಯೇ ಎಂದೂ ಅಳೆದರು. ಸರಿಯಾದ ಪ್ರಶ್ನೆ ಅದು.

ಹಾಗಾದರೆ ತಡೆ ಎಲ್ಲಿ?

"ಇಷ್ಟೆಲ್ಲ ಪಾಸಾದ ಮ್ಯಾಲ ಡಾಕ್ಟರ್ ಸಾಹೇಬ್ರು ಬೇವಿನ ನೀರೇ ಹಾಕಬಹುದಲ್ಲ?" ಎಂದು ನೀವು ಕೇಳುವುದು ನ್ಯಾಯ. ತಡೆ ನಾಲ್ಕು ಕಡೆ ಇದೆ.

ಮೊದಲನೆಯದು, ಮೇಲಿನ ಪರೀಕ್ಷೆಗಳು ನಡೆದದ್ದು ಕಿತ್ತ ಹಲ್ಲಿನಲ್ಲಿ, ಗಾಜಿನ ತಟ್ಟೆಯಲ್ಲಿ. ಬಾಯೊಳಗಿನ ಹಲ್ಲಿನಲ್ಲಿ ರಕ್ತ, ಕೀವು, ಜೊಲ್ಲು, ಹತ್ತಾರು ಜಾತಿಯ ಕ್ರಿಮಿ ಇರುತ್ತವೆ. ಮಕ್ಕಳ ಬಾಯಲ್ಲೇ ನಡೆದ ಪರೀಕ್ಷೆಗಳೂ ಇಲ್ಲದಿಲ್ಲ. ಆದರೆ ಸಣ್ಣ ಸಣ್ಣವು. ಮದ್ದು ಹಾಕಿದ ಎರಡು-ಮೂರು ವರ್ಷದ ಮೇಲೆ ಹಲ್ಲು ಉಳಿಯಿತೇ ಎಂಬುದೇ ಕೊನೆಯ ಪರೀಕ್ಷೆ.

ಎರಡನೆಯದು, ಕ್ರಿಮಿ ಕೊಲ್ಲುವುದು ಅರ್ಧ ಕೆಲಸ ಎಂದೆವು. ಸತ್ತ ನರ ಕರಗಿಸುವ ಇನ್ನರ್ಧದಲ್ಲಿ ಹೈಪೋಕ್ಲೋರೈಟಿಗೆ ಸಾಟಿ ಎಂದು ಒಪ್ಪಿತವಾದ ಗಿಡದ ಸಾರ ಇನ್ನೂ ಬಂದಿಲ್ಲ.

ಮೂರನೆಯದನ್ನು ಕಮಲಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮುದ್ರೆ ಏಕೆ ಸಿಕ್ಕಿತು? ನೆಲ ಬದಲಾದರೆ ಹಣ್ಣಿನ ರುಚಿ ಬದಲಾಗುತ್ತದೆ ಎಂದೇ ಅಲ್ಲವೇ? ಕಲಬುರಗಿ ತೊಗರಿಯ ಕಥೆಯೂ ಅದೇ. ಬೇವಿನ ಎಲೆಗೂ ಇದೇ ನಿಯಮ. ಯುಗಾದಿಯ ಚಿಗುರಿನಲ್ಲಿರುವ ಸತ್ವ ಮಳೆಗಾಲದ ಬಲಿತ ಎಲೆಯಲ್ಲಿ ಅಷ್ಟೇ ಇರಬೇಕೆಂದಿಲ್ಲ. ಹೈಪೋಕ್ಲೋರೈಟ್ ಶೇ. 1 ಎಂದರೆ ಕಲಬುರಗಿಯಲ್ಲೂ ಶೇ. 1, ಕಾಶಿಯಲ್ಲೂ ಶೇ. 1. ಬೇವಿನ ಕಷಾಯಕ್ಕೆ ಅಂಥ ತಕ್ಕಡಿ ಇನ್ನೂ ಕೂತಿಲ್ಲ. ಅಳತೆ ಇಲ್ಲದ ಮದ್ದನ್ನು ಕೂಸಿನ ಬೇರಿನೊಳಗೆ ಹೇಗೆ ಬಿಡುವುದು?

ನಾಲ್ಕನೆಯದು, ಎಲೆ ಕುದಿಸಿದ ನೀರು ಎರಡು ದಿನಕ್ಕೆ ಹಳಸುತ್ತದೆ. ಹಳಸಿದ ನೀರಿನಲ್ಲಿ ಹೊಸ ಕ್ರಿಮಿ. ಕೆಡದ ಹಾಗೆ ಇಡಲು, ಸಾರ ಇಳಿಸಲು ಆಲ್ಕೋಹಾಲಿನಂಥ ದ್ರಾವಕ ಬೇಕಾಗುತ್ತದೆ. ಆಗ ಅದೂ ಒಂದು ಬಗೆಯ ರಾಸಾಯನಿಕವೇ ಆಯಿತಲ್ಲ! ಬಣ್ಣದ ಕಷಾಯ ಹಲ್ಲಿಗೆ ಕಲೆ ಹಿಡಿಸುವುದೂ ಉಂಟು.

ಲವಂಗ ಆಗಲೇ ಒಳಗೆ ಬಂದಿದೆ

ಡಾಕ್ಟರರಿಗೆ ಗಿಡಮೂಲಿಕೆ ಕಂಡರಾಗದು ಎಂದು ದೂರುವವರು ಒಂದು ಸಂಗತಿ ತಿಳಿಯಬೇಕು. ಹಾಲು ಹಲ್ಲಿನ ನಾಳ ತೊಳೆದ ಮೇಲೆ ತುಂಬುವ ಹಳೆಯ ಲೇಪ ಯಾವುದು? ಜಿಂಕ್ ಆಕ್ಸೈಡ್ ಪುಡಿಯನ್ನು ಯೂಜಿನಾಲ್ ಎಣ್ಣೆಯಲ್ಲಿ ಕಲಸಿದ್ದು. ಯೂಜಿನಾಲ್ ಎಂದರೆ ಲವಂಗದ ಎಣ್ಣೆಯ ಸತ್ವ. 1930ರ ಸುಮಾರಿನಿಂದ ಮಕ್ಕಳ ಹಲ್ಲಿಗೆ ಅದು ಬಳಕೆಯಲ್ಲಿದೆ. ದೊಡ್ಡವರ ರೂಟ್ ಕ್ಯಾನಲಿಗೆ ತುಂಬುವ ಗಟ್ಟಾಪರ್ಚವೂ ಮರದ ಹಾಲಿನಿಂದ ಬಂದದ್ದೇ. ಆದರೆ ಅದನ್ನು ಹಾಲು ಹಲ್ಲಿಗೆ ತುಂಬುವುದಿಲ್ಲ. ಬೇರು ಕರಗುವಾಗ ತುಂಬಿದ್ದೂ ಕರಗಬೇಕು, ಗಟ್ಟಾಪರ್ಚ ಕರಗದು. ಗಿಡದ್ದು ಎಂದ ಮಾತ್ರಕ್ಕೆ ಕೂಸಿಗೆ ಸರಿ ಎನ್ನುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ರಾಸಾಯನಿಕದ ಕಥೆಯೂ ಕೇಳಿರಿ. ಫಾರ್ಮೋಕ್ರಿಸಾಲ್ ಎಂಬ ಮದ್ದು 1904ರಿಂದ ಹಲ್ಲಿನ ಚಿಕಿತ್ಸೆಯಲ್ಲಿತ್ತು. ಮಕ್ಕಳ ಹಲ್ಲಿನ ಮೇಲ್ಭಾಗದ ನರ ಮಾತ್ರ ತೆಗೆಯುವ ಚಿಕಿತ್ಸೆಯಲ್ಲಿ ದಶಕಗಟ್ಟಲೆ ಅದರದೇ ರಾಜ್ಯಭಾರ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿತು. ಅನೇಕ ಡಾಕ್ಟರರು ಅದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದದ್ದು ಎಲೆಯಲ್ಲ, ಎಂಟಿಎ ಎಂಬ ಸಿಮೆಂಟಿನ ಜಾತಿಯ ಪುಡಿ. ಅಂದರೆ ಜಗಳ ಗಿಡಕ್ಕೂ ರಾಸಾಯನಿಕಕ್ಕೂ ಅಲ್ಲ. ಪರೀಕ್ಷೆ ಪಾಸಾದದ್ದಕ್ಕೂ ಆಗದ್ದಕ್ಕೂ ನಡುವಿನದು.

ಅಂಗಡಿಕಾರರಿಗೆ ಒಂದು ಮಾತು

ಹಲ್ಲು ನೋವೆಂದರೆ ಜನ ಮೊದಲು ಏರುವುದು ದವಾಖಾನೆಯ ಮೆಟ್ಟಿಲಲ್ಲ, ನಿಮ್ಮ ಅಂಗಡಿಯ ಮೆಟ್ಟಿಲು. ಕಿರಾಣಿ ಅಂಗಡಿಯಲ್ಲಿ ಲವಂಗದೆಣ್ಣೆ, ಮೆಡಿಕಲಿನಲ್ಲಿ "ಹಲ್ಲಿನ ಗುಳಿಗಿ ಎರಡು ಕೊಡ್ರಿ". ಆದ್ದರಿಂದ ನಿಮ್ಮ ಬಾಯಿಂದ ಬರುವ ಒಂದು ಮಾತಿಗೆ ತೂಕ ಹೆಚ್ಚು.

ಬೇವಿನ ಎಣ್ಣೆಯನ್ನು ಕೂಸಿಗೆ ಕುಡಿಸಲು ಯಾರಾದರೂ ಕೇಳಿದರೆ ಬೇಡವೆನ್ನಿ. ಮಲೇಷ್ಯಾದಲ್ಲಿ ಸಣ್ಣ ಕೂಸುಗಳಿಗೆ ಬೇವಿನ ಎಣ್ಣೆ ಕುಡಿಸಿ ಮಿದುಳು, ಪಿತ್ತಜನಕಾಂಗಕ್ಕೆ ವಿಷ ಏರಿದ ಪ್ರಕರಣಗಳು 1981ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ವರದಿಯಾಗಿವೆ. ಲವಂಗದೆಣ್ಣೆ ಸಹ ಹಾಗೇ ಸುರಿದರೆ ಒಸಡು ಸುಡುತ್ತದೆ; ಸಣ್ಣ ಕೂಸು ನುಂಗಿದರೆ ಅಪಾಯ. ಆಸ್ಪಿರಿನ್ ಗುಳಿಗೆ ಪುಡಿ ಮಾಡಿ ಹಲ್ಲಿಗೆ ಒತ್ತುವುದು ಬೇಡವೇ ಬೇಡ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಟ್ಟರೆ ಊತ ನಾಲ್ಕು ದಿನ ಇಳಿದೀತು. ಆದರೆ ಸತ್ತ ನರ ಅಲ್ಲೇ ಇರುತ್ತದೆ, ಊತ ತಿರುಗಿ ಬರುತ್ತದೆ.

ಮನೆಯ ಬೇವಿನ ನೀರಿನಿಂದ ಮುಕ್ಕಳಿಸಿದರೆ? ಉಗುಳಲು ಬರುವ ವಯಸ್ಸಿನ ಮಗುವಿನ ಬಾಯಿ ಅದರಿಂದ ಸ್ವಚ್ಛ ಅನ್ನಿಸಬಹುದು. ಆದರೆ ಆ ನೀರು ಬೇರಿನ ನಾಳದೊಳಗೆ ಇಳಿಯುವುದಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿದರೆ ನೆಲಮಾಳಿಗೆಯ ಕೊಳೆ ಹೋಗುವುದೇ?

ದವಾಖಾನೆಯಲ್ಲಿ ಏನು ಕೇಳಬೇಕು?

ಡಾಕ್ಟರರ ಮುಂದೆ ಕೈಕಟ್ಟಿ ಕೂಡಬೇಕಿಲ್ಲ. ಕೇಳುವುದು ತಾಯಿ-ತಂದೆಯ ಹಕ್ಕು. "ಸಾಹೇಬ್ರೇ, ಎಕ್ಸ್‌ರೇ ತೆಗೆದು ಬೇರು ಎಷ್ಟು ಉಳಿದದ ಅಂತ ನೋಡಿದ್ರೇನ್ರಿ? ತೊಳಿಯೋ ಮದ್ದು ಯಾವುದು, ಎಷ್ಟು ತೆಳು ಮಾಡ್ತೀರಿ? ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ತೀರೇನು? ಸೂಜಿಯ ಬಾಯಿ ಪಕ್ಕಕ್ಕೆ ಇರೋದೇ ಬಳಸ್ತೀರೇನು? ಮ್ಯಾಲ ಕ್ಯಾಪ್ ಬೇಕೇನು?"

ಇವು ಜಾಣತನ ತೋರಿಸುವ ಪ್ರಶ್ನೆಗಳಲ್ಲ. ರಬ್ಬರ್ ಹಾಳೆ ಇದ್ದರೆ ಮದ್ದು ಗಂಟಲಿಗೆ, ಒಸಡಿಗೆ ಇಳಿಯದು. ಪಕ್ಕಕ್ಕೆ ತೂತಿರುವ ಸೂಜಿಯನ್ನು ನಾಳದ ತುದಿಗೆ ಮುಟ್ಟಿಸದೆ, ಮೆಲ್ಲಗೆ ಒತ್ತಿದರೆ ಮದ್ದು ಬೇರು ದಾಟುವ ಭಯ ಬಹಳ ಕಡಿಮೆ. ಸರಿಯಾದ ಕೈಯಲ್ಲಿ ಶೇ. 1ರ ಬ್ಲೀಚಿಂಗ್ ನೀರು ಕೂಸಿನ ವೈರಿಯಲ್ಲ. ತಪ್ಪು ಕೈಯಲ್ಲಿ ಬೇವಿನ ನೀರೂ ಮಿತ್ರನಲ್ಲ.

ಕೂಸಿಗೆ ಜ್ವರ ಬಂದು ಗಲ್ಲ ಊದಿದರೆ, ಊತ ಕಣ್ಣಿನತ್ತ ಅಥವಾ ಗದ್ದದ ಕೆಳಗೆ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಕಷಾಯ ಕುದಿಸುತ್ತ ಕೂಡಬೇಡಿ. ಅದೇ ದಿನ, ಸಿಕ್ಕ ಗಾಡಿ ಹತ್ತಿ ದೊಡ್ಡ ದವಾಖಾನೆಗೆ ಬನ್ನಿ.

ಅಷ್ಟು ದೂರ ಹೋಗುವ ಮುಂಚೆಯೇ ದಾರಿ ಉಂಟು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಸಾಲಿಗಳಿಗೆ ಬರುವ ತಂಡ ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ತಂಡ ಬಂದ ದಿನ ಕೂಸಿನ ಬಾಯಿ ತೆರೆಸಿ ತೋರಿಸಿ. ರಾತ್ರಿ ಹಾಲಿನ ಬಾಟ್ಲಿ ಬಾಯಲ್ಲಿಟ್ಟು ಮಲಗಿಸುವುದು ಬಿಡಿ. ಸಿಹಿ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುವ ರೂಢಿ ತಗ್ಗಿಸಿ. ಫ್ಲೋರೈಡ್ ಪೇಸ್ಟು 3 ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಸಾಕು.

ಊರಿನ ಕಾಲೇಜುಗಳು ಮನಸ್ಸು ಮಾಡಲಿ

ಕಲಬುರಗಿ ಹಲ್ಲಿನ ಡಾಕ್ಟರರಿಗೆ ಬಡ ಊರಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು ಇಲ್ಲಿದೆ. ಅಲ್-ಬದರ್ ಗ್ರಾಮೀಣ ದಂತ ಕಾಲೇಜು ಇಲ್ಲಿದೆ. ಇಎಸ್ಐಸಿಯ ದಂತ ಕಾಲೇಜೂ ಇದೆ. ಗಿಡಮೂಲಿಕೆ ಬಲ್ಲ ಹಿಂಗುಲಾಂಬಿಕಾ ಆಯುರ್ವೇದ ಕಾಲೇಜೂ ಇದೇ ಊರಿನದು. ಬೇವಿಗಂತೂ ಬರವಿಲ್ಲ, ಕಮಲಾಪುರದ ದಾರಿಯಲ್ಲಿ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು. ಹಲ್ಲು ಬಲ್ಲವರು, ಎಲೆ ಬಲ್ಲವರು ಒಂದೇ ಮೇಜಿಗೆ ಕೂತು, ಅಳತೆ ಕಟ್ಟಿ, ತಾಯಿ-ತಂದೆಯ ಒಪ್ಪಿಗೆ ಪಡೆದು, ಇಲ್ಲಿಯ ಮಕ್ಕಳ ಹಲ್ಲು ಎರಡು-ಮೂರು ವರ್ಷ ಉಳಿಯಿತೇ ಎಂದು ನೋಡಿ ಬರೆದಿಟ್ಟರೆ ಅದು ನಾಡಿಗೇ ಉಪಕಾರ. ಬೇವು ಗೆದ್ದರೆ ಕೂಸಿಗೆ ಉರಿ ತಪ್ಪಿತು. ಸೋತರೆ ಬಸ್ಸಿನ ಪುಕ್ಕಟೆ ಸಲಹೆಗಾದರೂ ಒಂದು ಉತ್ತರ ಸಿಕ್ಕಿತು.

ಅಲ್ಲಿಯವರೆಗೆ ಮಾತು ಇಷ್ಟೇ: ಬೇವು ಅಂಗಳದಲ್ಲಿ ನೆರಳು ಕೊಡಲಿ, ಯುಗಾದಿಗೆ ಬೆಲ್ಲದ ಜತೆ ಬಾಯಿಗೆ ಬರಲಿ. ಕೂಸಿನ ಹಲ್ಲಿನ ಬೇರಿಗೆ ಇಳಿಯುವ ಮದ್ದನ್ನು ಮಾತ್ರ ಅಳತೆ ಬಲ್ಲ ಕೈಗೆ ಬಿಡಿ. ಮತ್ತು ಆ ಕೈಯ ಹತ್ತಿರ ಬೇಗ ಹೋಗಿ. ಹುಳುಕು ನಿಮ್ಮ ತೀರ್ಮಾನಕ್ಕೆ ಕಾದು ಕೂಡುವುದಿಲ್ಲ.